ಎಡಕ್ಕೆ ತಿರುಗಿದ ಚರಗ

ಎಳ್ಳ ಅಮಾವಾಸ್ಯೆಯ ಮರುದಿನ ಮುಂಜಾನೆ ಕಮಲಾಪುರದ ಬಸ್ಸಿನಲ್ಲಿ ನನಗೊಂದು ಸ್ಟೀಲ್ ಡಬ್ಬಿ ಬಂತು. ಕಂಡಕ್ಟರ್ ಅದನ್ನು ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಇಟ್ಟು ಹೋಗಿದ್ದ. ತಂದು, ನಾನು ಕೆಲಸ ಮಾಡುವ ಲ್ಯಾಬಿನ ಹಿಂದಿನ ಕೋಣೆಯಲ್ಲಿ ಮುಚ್ಚಳ ತೆಗೆದೆ. ರಕ್ತದ ಸೀಸೆ, ಸ್ಪಿರಿಟ್ಟು, ಫಿನಾಯಿಲು ಎಲ್ಲದರ ವಾಸನೆಯನ್ನೂ ಹಿಂದಕ್ಕೆ ತಳ್ಳಿ ಭಜ್ಜಿಯ ವಾಸನೆ ಕೋಣೆ ತುಂಬಿತು.

ಭಜ್ಜಿ ಎಂದ ಕೂಡಲೇ ಬೆಂಗಳೂರಿನ ಕಡೆಯವರು ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಕರಿದದ್ದು ಎಂದುಕೊಳ್ಳುತ್ತಾರೆ. ಅವರ ಪಾಡು ಅವರಿಗೆ. ನಮ್ಮ ಕಲಬುರಗಿ ಸೀಮೆಯ ಭಜ್ಜಿ ವರ್ಷಕ್ಕೊಮ್ಮೆ ಆಗುವಂಥದ್ದು. ಹಸಿ ಕಡಲೆ, ಹಸಿ ತೊಗರಿ, ಅವರೆ, ಮೆಂತ್ಯದ ಸೊಪ್ಪು, ಗಜ್ಜರಿ, ಬಾರೆಹಣ್ಣು, ಹೀಗೆ ಆ ಹೊತ್ತಿಗೆ ಹೊಲದಲ್ಲಿ ಏನೇನು ಸಿಗುತ್ತದೋ ಎಲ್ಲವನ್ನೂ ಹುಣಸೆಹುಳಿ, ಕಡಲೆಹಿಟ್ಟಿನ ಜೊತೆ ಒಂದೇ ಗಡಿಗೆಯಲ್ಲಿ ಕುದಿಸಿ, ಸಜ್ಜೆ ರೊಟ್ಟಿಯ ಜೊತೆ ಹೊಲದಲ್ಲೇ ಕೂತು ತಿನ್ನಬೇಕು. ತಿನ್ನುವ ಮೊದಲು ಅದರಲ್ಲಿ ಸ್ವಲ್ಪ ತೆಗೆದು, ರೊಟ್ಟಿ ಮುರಿದು ಕಲಸಿ, ಹೊಲದ ಸುತ್ತ ನಡೆಯುತ್ತ ಭೂಮಿತಾಯಿಗೆ ಚೆಲ್ಲಬೇಕು. ಅದಕ್ಕೆ ಚರಗ ಎನ್ನುತ್ತೇವೆ. ಚರಗ ಚೆಲ್ಲದೆ ತುತ್ತು ಬಾಯಿಗಿಟ್ಟವರನ್ನು ನಮ್ಮ ಕಡೆ ಯಾರೂ ಮನುಷ್ಯರೆಂದು ಎಣಿಸುವುದಿಲ್ಲ.

ಡಬ್ಬಿ ಕಳಿಸಿದವನು ಅಕ್ಕೋರ ಅಣ್ಣನ ಮಗ. ಅಕ್ಕೋರಿಲ್ಲದ ಮೊದಲ ಎಳ್ಳ ಅಮಾವಾಸ್ಯೆ. ನನಗೆ ರಜೆ ಸಿಗದೆ ಹೋಗಲಾಗಿರಲಿಲ್ಲ. ಡಬ್ಬಿಯ ಮುಂದೆ ಕೂತವಳಿಗೆ ಕೇಳಬೇಕಾದದ್ದು ಒಂದೇ ಇತ್ತು. ನಿನ್ನೆ ಅವರು ಚರಗ ಹೊತ್ತು ಯಾವ ಕಡೆಗೆ ಹೊರಟರು, ಎಡಕ್ಕೋ ಬಲಕ್ಕೋ? ಕೇಳೋಣವೆಂದು ಫೋನ್ ತೆಗೆದೆ. ಧೈರ್ಯ ಸಾಲದೆ ಕೆಳಗಿಟ್ಟೆ...

ಶಾಲೆಯಲ್ಲಿ ಕಲಿಸುವ ಹೆಣ್ಣುಮಗಳಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ನಾನು ಹೇಳುತ್ತಿರುವ ಅಕ್ಕೋರು ಜೇವರ್ಗಿ ಕಾಲೋನಿಯಲ್ಲಿ ನಮ್ಮ ಮನೆಯ ಹಿಂದಿನ ಸಾಲಿನಲ್ಲಿದ್ದರು. ಹುಟ್ಟೂರು ಕಮಲಾಪುರ. ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು, ಸಂಜೆ ಮನೆಯ ಪಡಸಾಲೆಯಲ್ಲಿ ಟ್ಯೂಶನ್ ಹೇಳುತ್ತಿದ್ದರು. ಮದುವೆ ಮಾಡಿಕೊಂಡಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ "ವ್ಯಾಳ್ಯಾ ಸಿಗಲಿಲ್ಲ" ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ತುರುಬು, ಗಟ್ಟಿ ದನಿ. ಅವರು ಒಳಗೆ ಕೆಮ್ಮಿದರೆ ಓಣಿಯಲ್ಲಿ ಗೋಲಿ ಆಡುವ ಹುಡುಗರು ಚದುರಿಹೋಗುತ್ತಿದ್ದರು.

ಅವರಿಗೆ ಆಗದ ಒಂದೇ ಮಾತೆಂದರೆ 'ಅಂದಾಜು'. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು, ಬೈಯುತ್ತಿರಲಿಲ್ಲ. ಅಂದಾಜಿನ ಮೇಲೆ ಹೇಳಿದ ಉತ್ತರ ಸರಿಯಾಗಿದ್ದರೂ ಮಾರ್ಕು ಕೊಡುತ್ತಿರಲಿಲ್ಲ. "ಹೆಂಗ ಗೊತ್ತಾತು ಹೇಳು" ಎಂದು ನಿಲ್ಲಿಸಿ ಕೇಳುತ್ತಿದ್ದರು. ನಾವು ಕಾಲಿನಿಂದ ನೆಲ ಕೆರೆಯುತ್ತ ನಿಲ್ಲುತ್ತಿದ್ದೆವು. ಹೇಗೆ ಗೊತ್ತಾಯಿತೆಂದು ಸರಿಯಾಗಿ ಹೇಳಿದವರಿಗೆ ಬುಟ್ಟಿಯಿಂದ ಒಂದು ಕಮಲಾಪುರದ ಕೆಂಪು ಬಾಳೆಹಣ್ಣು. ಆ ಹಣ್ಣಿನ ಆಸೆಗೆ ನಾನು ಇಂಗ್ಲಿಷ್ ಕಲಿತೆ ಎಂದರೂ ತಪ್ಪಿಲ್ಲ.

ಪ್ರತಿ ವರ್ಷ ಎಳ್ಳ ಅಮಾವಾಸ್ಯೆಗೆ ಟ್ಯೂಶನ್ನಿನ ಮಕ್ಕಳನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಕಮಲಾಪುರದ ತಮ್ಮ ಹೊಲಕ್ಕೆ ಕರೆದೊಯ್ಯುತ್ತಿದ್ದರು. ನಾನು ಮೊದಲ ಸಲ ಹೋದಾಗ ಎಂಟೋ ಒಂಬತ್ತೋ ವಯಸ್ಸು. ಅವರ ಅಣ್ಣ ಚರಗದ ಗಡಿಗೆ ಹೊತ್ತು ಬದುವಿನ ಮೇಲೆ ನಿಂತರು. ಹಿಂದೆ ನೀರಿನ ತಂಬಿಗೆ ಹಿಡಿದು ಅಕ್ಕೋರು, ಅವರ ಹಿಂದೆ ನಾವು. ಅಣ್ಣ ನಡೆಯತೊಡಗಿದರು, ಹೊಲ ಎಡಗೈಗೆ ಬರುವ ಹಾಗೆ, ಎಡಕ್ಕೆ! ನಮ್ಮ ತಾಜಸುಲ್ತಾನಪುರದ ಹೊಲದಲ್ಲಿ ಅಪ್ಪ ಯಾವಾಗಲೂ ಬಲಕ್ಕೆ ಹೋಗುತ್ತಿದ್ದ. ಗುಡಿ ಸುತ್ತುವುದೂ ಹಾಗೆಯೇ. ನಾನು ಕೂಗಿಬಿಟ್ಟೆ.

"ಅಕ್ಕೋರೇ, ತಪ್ಪಾತ್ರಿ! ಬಲಕ್ಕ ಹೋಗಬೇಕ್ರಿ!"

ಪಕ್ಕದ ಹೊಲದವರು ಹೊಟ್ಟೆ ಹಿಡಿದು ನಕ್ಕರು. ಅವರಲ್ಲೊಬ್ಬರು ಬದುವಿನ ಆಚೆಯಿಂದ, "ಎಡಸುತ್ತಿನವರೇ, ಸಣ್ಣ ಹುಡುಗಿಗಿ ತಿಳದದ, ನಿಮಗ ಇನ್ನಾ ತಿಳಿಲಿಲ್ಲೇನ್ರಿ?" ಎಂದರು. ಎಡಸುತ್ತಿನವರು ಎಂಬುದು ಊರು ಆ ಮನೆತನಕ್ಕೆ ಇಟ್ಟ ಹೆಸರು. ಎಡಕ್ಕೆ ಸುತ್ತುವುದು ಸಾವಿನ ಮನೆಯ ಕೆಲಸ, ಹಬ್ಬದ ದಿನ ಹಾಗೆ ಮಾಡುವವರು ಇವರೊಬ್ಬರೇ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಅಕ್ಕೋರ ಮುಖ ಸ್ವಲ್ಪವೂ ಬಾಡಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು, "ತಪ್ಪಂತ ನಮಗೂ ಗೊತ್ತದ. ಸುಮ್ನ ಬಾ" ಎಂದರು. ತಪ್ಪೆಂದು ಗೊತ್ತಿದ್ದೂ ಅಷ್ಟು ತಲೆಯೆತ್ತಿ ನಡೆಯುವವರನ್ನು ನಾನು ಅದೇ ಮೊದಲು ನೋಡಿದ್ದು.

ಆಮೇಲೆ ನನ್ನ ಓದು, ಮದುವೆ, ಲ್ಯಾಬಿನ ಕೆಲಸ... ಅದೇ ಕಾಲೋನಿಯಲ್ಲಿ ಬಾಡಿಗೆ ಮನೆ ಹಿಡಿದು ಮತ್ತೆ ಅವರ ನೆರೆಗೆ ಬಂದಾಗ ಅಕ್ಕೋರು ಎಂಬತ್ತರ ಆಸುಪಾಸಿನಲ್ಲಿದ್ದರು. ಟ್ಯೂಶನ್ ನಿಂತಿತ್ತು. ಎದೆಯ ಬೇನೆ ಇತ್ತು. ಒಂದು ದಿನ ಕರೆಸಿ, ಹೊಸ ಮೊಬೈಲನ್ನು ನನ್ನ ಮುಂದಿಟ್ಟು, "ಇದನ್ನ ನನಗ ಕಲಸು. ನಾ ಒಬ್ಬವನ್ನ ಹುಡುಕಬೇಕಾಗ್ಯದ" ಎಂದರು.

ಆ ಒಬ್ಬವನು ಅವರ ಅಜ್ಜನ ತಮ್ಮ. ಅಕ್ಕೋರು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು, ನಿಜಾಮರ ಕಾಲದಲ್ಲಿ, ಮೀಸೆ ಮೂಡುವ ವಯಸ್ಸಿನವನು ಬಾಳೆಗೊನೆಯ ಗಾಡಿಯ ಜೊತೆ ಕಲಬುರಗಿಯ ಸ್ಟೇಶನ್ ಬಜಾರಕ್ಕೆ ಬಂದನಂತೆ. ಗೊನೆ ಇಳಿಸಿದ ಮೇಲೆ ಜೊತೆಗಾರನಿಗೆ "ರೈಲು ನೋಡಿ ಬರ್ತೀನಿ" ಎಂದು ಹೋದನಂತೆ. ಗಾಡಿ ಮರಳಿ ಬಂತು, ಅವನು ಬರಲಿಲ್ಲ. ಕೆಲವು ವರ್ಷಗಳ ಮೇಲೆ ಮುಂಬಯಿಗೆ ಹೋಗಿಬಂದ ಊರಿನವನೊಬ್ಬ, ಅಲ್ಲಿಯ ಬಂದರದಲ್ಲಿ ಅವನನ್ನು ಕಂಡೆ, ಆಫ್ರಿಕಾದ ಹಡಗು ಹತ್ತುವವನಿದ್ದ ಎಂದ. ಅಷ್ಟೇ. ಆಮೇಲೆ ಸುದ್ದಿಯಿಲ್ಲ, ಸುಳಿವಿಲ್ಲ.

ಅಕ್ಕೋರ ತಂದೆ ಸಾಯುವ ಮುನ್ನ ಹಾಸಿಗೆಯ ಮೇಲೆ, "ಕಾಕಾ ಎಲ್ಲಿ ಮುಟ್ಟಿದ ಅನ್ನೋದರೆ ತಿಳೀಬೇಕಿತ್ತವ್ವಾ" ಎಂದಿದ್ದರು. ಮಗಳು ಆ ಮಾತನ್ನು ಸೆರಗಿಗೆ ಕಟ್ಟಿಕೊಂಡಿದ್ದಳು. ಹಡಗು ಮುಳುಗಿರಬೇಕು, ಬೇನೆ ಬಿದ್ದು ಸತ್ತಿರಬೇಕು ಎಂದು ಬಳಗದವರು ಹೇಳಿದರೆ ಅಕ್ಕೋರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. "ಸತ್ತದ್ದು ನೋಡೀರೇನು? ಇಲ್ಲ. ಮತ್ತ ಅಂದಾಜಿನ ಮ್ಯಾಲ ಯಾಕ ಕೊಲ್ತೀರಿ?" ಎನ್ನುತ್ತಿದ್ದರು. ಅವನು ಬದುಕಿದ್ದನೇ, ಬದುಕಿದ್ದರೆ ಮನೆಯನ್ನು ನೆನೆದನೇ, ಇಷ್ಟು ತಿಳಿಯದೆ ತಾನು ಕಣ್ಣು ಮುಚ್ಚಬಾರದು ಎಂಬುದೊಂದೇ ಅವರ ಹಟ. ಹೃದಯದ ಡಾಕ್ಟರು ಆಗಲೇ ಮುಖ ಸಣ್ಣದು ಮಾಡಿ ಮಾತಾಡತೊಡಗಿದ್ದರು. ಹೊತ್ತು ಹೆಚ್ಚಿರಲಿಲ್ಲ.

ಹಿಂದೂಸ್ತಾನದಿಂದ ಬೇರೆ ಬೇರೆ ದೇಶಗಳಿಗೆ ಹೋದವರ ಮೊಮ್ಮಕ್ಕಳು, ಮರಿಮಕ್ಕಳು ತಮ್ಮ ಬೇರು ಹುಡುಕುವ ಗುಂಪೊಂದು ಮೊಬೈಲಿನಲ್ಲಿತ್ತು. ಅದರಲ್ಲಿ ಅಕ್ಕೋರು ತಮ್ಮ ಕಡಕ್ ಇಂಗ್ಲಿಷಿನಲ್ಲಿ ಬರೆದು ಹಾಕಿದರು. ಬಾಳೆಯ ಗಾಡಿ, ರೈಲು, ಮುಂಬಯಿ, ಹಡಗು ಎಲ್ಲ ಹೇಳಿ, ಕೊನೆಗೆ ಒಂದು ಪ್ರಶ್ನೆ ಇಟ್ಟರು. ಡಿಸೆಂಬರ್ ಜನವರಿಯ ಹೊತ್ತಿನ ಅಮಾವಾಸ್ಯೆಯ ದಿನ ನಿಮ್ಮ ಹಿರಿಯರು ಏನು ಮಾಡುತ್ತಿದ್ದರು? ಚರಗದ ಹೆಸರೇ ಎತ್ತಲಿಲ್ಲ. "ಪ್ರಶ್ನೆಯೊಳಗ ಉತ್ತರ ಇಡಬಾರದು" ಎಂದರು.

ಉತ್ತರಗಳು ಬಂದವು ನೋಡಿ... ಫಿಜಿಯಿಂದ, ಮಾರಿಷಸ್‌ನಿಂದ, ಟ್ರಿನಿಡಾಡಿನಿಂದ. ಪಾಪ, ಎಲ್ಲರಿಗೂ ಒಂದು ಮನೆ ಬೇಕಾಗಿತ್ತು. ಒಬ್ಬರು ತಮ್ಮಜ್ಜ ಅಮಾವಾಸ್ಯೆಗೆ ಉಪವಾಸ ಇರುತ್ತಿದ್ದ ಎಂದರು, ಇನ್ನೊಬ್ಬರು ಸಮುದ್ರದಲ್ಲಿ ಸ್ನಾನ ಮಾಡುತ್ತಿದ್ದ ಎಂದರು. ಅಕ್ಕೋರು ಎಲ್ಲರಿಗೂ ಗೌರವದಿಂದ ಧನ್ಯವಾದ ಹೇಳಿ ನಾಪಾಸು ಮಾಡಿದರು. ಮರುಪರೀಕ್ಷೆ ಕೂಡ ಇಲ್ಲ.

ಆಮೇಲೆ ಡರ್ಬನ್ನಿನಿಂದ ಒಂದು ಕುಟುಂಬ ಬರೆಯಿತು. ಅಜ್ಜನ ಹೆಸರು ಅದೇ. ಗುಲ್ಬರ್ಗಾ ಎಂಬ ಊರಿನ ಹೆಸರು ಗೊತ್ತಿತ್ತು. ಮುಂಬಯಿ ಬಂದರದಿಂದ ಹೋದವನು. ಆ ಅಮಾವಾಸ್ಯೆಗೆ ಕಾಳು, ಸೊಪ್ಪು ಬೇಯಿಸಿ ಹೊಲದ ಸುತ್ತ ಚೆಲ್ಲುತ್ತಿದ್ದ! ಕಮಲಾಪುರದಿಂದ ಅಣ್ಣನ ಮಗ ಓಡಿಬಂದ, ಬರುವಾಗ ಪೇಢೆ ತಂದ. ಅಕ್ಕೋರು ಪೇಢೆ ಮುಟ್ಟಲಿಲ್ಲ. "ಯಾ ಕಡೆಯಿಂದ ಸುತ್ತತಿದ್ದ, ಕೇಳು" ಎಂದರು. ಕೇಳಿದೆವು. ಎಲ್ಲರ ಹಾಗೆ ಬಲಕ್ಕೆ, ಎಂದು ಉತ್ತರ ಬಂತು. ಖಾತ್ರಿಯೇ ಎಂದು ಮತ್ತೆ ಕೇಳಿಸಿದರು. ಖಾತ್ರಿ, ನಾವೂ ಈಗಲೂ ಹಾಗೆಯೇ ಮಾಡುತ್ತೇವೆ ಎಂದರು.

"ಅಲ್ಲ. ಇವರಲ್ಲ," ಎಂದು ಅಕ್ಕೋರು ಕನ್ನಡಕ ತೆಗೆದಿಟ್ಟರು.

ಅವತ್ತು ನಾನು ಜಗಳವಾಡಿದೆ. ಜೀವಮಾನದಲ್ಲಿ ಅಕ್ಕೋರ ಎದುರು ದನಿಯೆತ್ತಿದ್ದು ಅದೊಂದೇ ಸಲ. "ಹೆಸರು ಕೂಡ್ತದ, ಊರು ಕೂಡ್ತದ, ಚರಗ ಕೂಡ್ತದ. ಒಂದು ಎಡ ಬಲಕ್ಕ ಯಾಕ ಇಷ್ಟ ಹಟ ಮಾಡ್ತೀರಿ ಅಕ್ಕೋರೇ? ನಿಮ್ಮ ಜೀವ ಹೆಂಗದ ನೋಡಿರೇನು?" ಎಂದೆ. ಅಣ್ಣನ ಮಗನೂ, "ಹೌದತ್ತಿ, ಆ ಮಂದಿಗೂ ಸಮಾಧಾನ, ನಿನಗೂ ಸಮಾಧಾನ. ಒಪ್ಪಿಬಿಡು" ಎಂದ.

ಅಕ್ಕೋರು ಬೈಯಲಿಲ್ಲ. ಮೆಲ್ಲಗೆ ಹೇಳಿದರು. "ಬಲಕ್ಕ ಹೋಗತಿದ್ರಂದ್ರ ಅವರು ಬ್ಯಾರೆ ಯಾರದೋ ಮನಿ ಮಕ್ಕಳು. ಅವರ ಸಲುವಾಗಿ ಇಲ್ಲೇ ಎಲ್ಲೋ ಒಂದು ಮನಿ ಕಾಯಾಕತ್ತಿರತದ. ಆ ಮನಿಯವರ ಮಕ್ಕಳನ್ನ ನಾ ಯಾಕ ಇಟ್ಕೊಳ್ಳಲಿ?"

ಅಷ್ಟಕ್ಕೇ ಬಿಡಲಿಲ್ಲ ಅವರು. ಡರ್ಬನ್ನಿನವರ ಮನೆಯನ್ನು ಹುಡುಕಿಕೊಡಲು ಸೇಡಂ, ಚಿಂಚೋಳಿ, ಆಳಂದದ ಕಡೆಗಿನ ತಮ್ಮ ಹಳೆಯ ವಿದ್ಯಾರ್ಥಿಗಳಿಗೆಲ್ಲ ಫೋನ್ ಹಚ್ಚಿದರು. ತಮ್ಮವರು ಸಿಗದೆ ತಾವೇ ಒದ್ದಾಡುತ್ತಿದ್ದ ಮುದುಕಿ ಪರರ ಬಳಗ ಹುಡುಕಲು ಕೂತದ್ದನ್ನು ನೋಡಿ, ಇಂಥವರ ಕೈಯಲ್ಲಿ ಕಲಿತೆನಲ್ಲ ಎಂದು ನನಗೆ ಎದೆಯುಬ್ಬಿ ಬಂತು. ಆ ಡರ್ಬನ್ನಿನವರ ಮನೆ ಇನ್ನೂ ಸಿಕ್ಕಿಲ್ಲ. ನಾನೇ ಈಗ ಆ ಕೆಲಸ ನೋಡುತ್ತಿದ್ದೇನೆ.

ಆ ಸಂಜೆಯೇ ಎಡಸುತ್ತಿನ ಮೂಲವನ್ನು ನನಗೆ ಹೇಳಿದರು. ಆ ತಪ್ಪನ್ನು ಶುರು ಮಾಡಿದವನೇ ರೈಲು ನೋಡಲು ಹೋದವನು. ಚಿಕ್ಕವನಿದ್ದಾಗ ಮೊದಲ ಸಲ ಚರಗದ ಗಡಿಗೆ ಅವನ ಕೈಗೆ ಬಂತಂತೆ. ಖುಷಿಯಲ್ಲಿ ಹಿಂದೆ ಮುಂದೆ ನೋಡದೆ ಎಡಕ್ಕೆ ಹೊರಟೇಬಿಟ್ಟ. ಹಿಡಿದ ಸುತ್ತನ್ನು ನಡುವೆ ಮುರಿಯಬಾರದೆಂದು ಅಪ್ಪ ಎಲ್ಲರನ್ನೂ ಅವನ ಹಿಂದೆಯೇ ನಡೆಸಿದ. ಆ ವರ್ಷ ತೊಗರಿ ಚೆನ್ನಾಗಿ ಬಂತು. ಮುಂದಿನ ವರ್ಷ ಪೋರ, ತೊಗರಿ ಬಂದದ್ದೇ ನನ್ನಿಂದ ಎಂದು ಗಡಿಗೆ ಕಸಿದುಕೊಂಡು ಮತ್ತೆ ಎಡಕ್ಕೆ ಹೊರಟ. ಮನೆಯಲ್ಲಿ ಅದು ನಗೆಯ ಮಾತಾಯಿತು. ಅವನು ಹೋದ ವರ್ಷದ ಅಮಾವಾಸ್ಯೆಗೆ ಅವನ ಅಣ್ಣ, ಅಂದರೆ ಅಕ್ಕೋರ ಅಜ್ಜ, ಗಡಿಗೆ ಹೊತ್ತು ಸರಿಯಾದ ದಿಕ್ಕಿಗೇ ಹೊರಟಾಗ ತಾಯಿ ಹೋಗಿ ಅವನ ರಟ್ಟೆ ಹಿಡಿದಳಂತೆ.

"ಎಡಕ್ಕ ನಡಿ. ನಾಳಿ ಅವ ಬಂದ್ರ ಅವನೊಬ್ಬನೇ ತಪ್ಪಬಾರದು. ಎಲ್ಲಾರೂ ಕೂಡಿ ತಪ್ಪೋಣು."

ಅಂದಿನಿಂದ ಆ ಮನೆತನ ಊರಿನ ನಗೆಯನ್ನು ನುಂಗಿಕೊಂಡು ಎಡಕ್ಕೇ ನಡೆಯಿತು. ತಾಯಿ ಹೋದಳು, ಅಣ್ಣ ಹೋದ, ಅಕ್ಕೋರ ತಂದೆಯೂ ಹೋದರು... ಸುತ್ತು ಮಾತ್ರ ತಿರುಗಲಿಲ್ಲ. "ಅವನೂ ಅಲ್ಲಿ ಎಡಕ್ಕೇ ಹೋಗ್ಯಾನೋ ಇಲ್ಲೋ, ನನಗ ಅದೊಂದು ಗೊತ್ತಾಗಬೇಕು" ಎಂದು ಅಕ್ಕೋರು ಕಿಟಕಿಯ ಕಡೆ ಮುಖ ಮಾಡಿದರು.

ಮೊಂಬಾಸಾದ ಹೆಣ್ಣುಮಗಳು ಬರೆದದ್ದು ಆಮೇಲೆ ಎಷ್ಟೋ ತಿಂಗಳಿಗೆ, ನಾನು ಆಸೆ ಬಿಟ್ಟ ಮೇಲೆ. ಅರವತ್ತರ ಹತ್ತಿರದವರು, ಅಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಅಜ್ಜನ ನಿಜವಾದ ಹೆಸರೂ ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ, ಅಲ್ಲಿ ಎಲ್ಲರೂ ಅವನನ್ನು ಮಿಸ್ತ್ರಿ ಎನ್ನುತ್ತಿದ್ದರಂತೆ. ಅಲ್ಲಿಯೇ ಒಬ್ಬ ಗುಜರಾತಿ ಹೆಣ್ಣನ್ನು ಮದುವೆಯಾಗಿದ್ದ. ಕನ್ನಡದ ಒಂದು ಅಕ್ಷರ ಆ ಮನೆಯಲ್ಲಿ ಉಳಿದಿರಲಿಲ್ಲ. ಕೂಡುವಂಥದ್ದು ಏನೂ ಇಲ್ಲವೆಂದು ನಾನು ಓದಿ ಬಿಡುವವಳಿದ್ದೆ. ಅಕ್ಕೋರು ವಿಡಿಯೋ ಕಾಲ್ ಹಚ್ಚಿಸಿದರು. ಅಮಾವಾಸ್ಯೆಯ ಅದೇ ಪ್ರಶ್ನೆ ಕೇಳಿದರು. ಆಕೆ ಬಾಯಿಂದ ಹೇಳುವ ಬದಲು ಫೋನನ್ನು ಕಿಟಕಿಯ ಮೇಲೆ ನಿಲ್ಲಿಸಿ, ಒಳಗಿನಿಂದ ಒಂದು ಬೋಗುಣಿ ತಂದು, ಅಂಗಳದ ಪಪ್ಪಾಯಿ ಗಿಡಗಳ ಸುತ್ತ ಕೈಯಿಂದ ಏನನ್ನೋ ಚೆಲ್ಲುವ ಹಾಗೆ ಮಾಡುತ್ತ ನಡೆದರು. ಎಡಕ್ಕೆ!

ನಾನು ಚೀರಿದೆ. ಅಕ್ಕೋರು ಚೀರಲಿಲ್ಲ. ಫೋನಿನಲ್ಲಿ ತಮ್ಮ ಮುಖದ ಹಿಂದಿನ ಕ್ಯಾಲೆಂಡರಿನ ಅಕ್ಷರ ತಿರುಗುಮುರುಗಾಗಿ ಕಂಡಾಗ, ಇದರಲ್ಲಿ ಎಡ ಬಲ ಅದಲುಬದಲಾಗುತ್ತದೆ ಎಂದು ಅವರಿಗೆ ಕಲಿಸಿಕೊಟ್ಟವಳು ನಾನೇ. ಈಗ ಅದನ್ನು ನನಗೇ ತಿರುಗಿಸಿದರು. "ಫೋನಿಂದು ನಂಬಬಾರದಂತ ನೀನೇ ಹೇಳಿದಿ. ಆಕೀನ್ನ ಇಲ್ಲಿಗಿ ಕರೀ. ಹೊಲದಾಗ ನೋಡ್ತೀನಿ."

ಆಕೆ ಹೈದರಾಬಾದಿಗೆ ವಿಮಾನದಲ್ಲಿ ಬಂದು ಅಲ್ಲಿಂದ ರೈಲು ಹತ್ತಿದರು. ಮಂಚ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದ್ದರೂ ಅಕ್ಕೋರು ಕಲಬುರಗಿ ಸ್ಟೇಶನ್ನಿಗೆ ಬಂದು, ಗಂಜಿ ಹಾಕಿದ ಸೀರೆಯಲ್ಲಿ, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ನೆಟ್ಟಗೆ ಕೂತರು. ಮಡಿಲಲ್ಲಿ ಒಂದು ಕೆಂಪು ಬಾಳೆಹಣ್ಣು. "ಅವ ಗಾಡಿಗಟ್ಲೆ ತಂದಿದ್ದ. ನಾ ಒಂದರೆ ತರಬೇಕಲ್ಲ" ಎಂದರು. ರೈಲು ಬಂತು. ಇಳಿದ ಹೆಣ್ಣುಮಗಳು ಎರಡೂ ಕೈ ಚಾಚಿ ಓಡಿಬಂದರೆ ಅಕ್ಕೋರು ಹಣ್ಣನ್ನು ಕೈಗಿಟ್ಟು, "ಬರ್ರಿ ಮೇಡಂ, ಪ್ರಯಾಣ ಆರಾಮಾತೇನು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಆಕೆಯ ಮುಖ ಸಪ್ಪಗಾಯಿತು. ಪರೀಕ್ಷೆ ಮುಗಿಯುವ ತನಕ ಅಕ್ಕೋರು ಯಾರಿಗೂ ಮಾರ್ಕು ಕೊಡುವವರಲ್ಲ ಎಂದು ನಾನು ಆಕೆಗೆ ಹೇಗೆ ಹೇಳಲಿ...

ಎಳ್ಳ ಅಮಾವಾಸ್ಯೆಯ ದಿನ ಕಮಲಾಪುರದ ಹೊಲದಲ್ಲಿ ಜಾತ್ರೆಗೆ ಸೇರಿದಷ್ಟು ಜನ. ಪರದೇಶದಾಕಿ ಬಂದಾಳಂತೆ ಎಂದು ಸುತ್ತಲಿನ ಹೊಲದವರೆಲ್ಲ ತಮ್ಮ ಭಜ್ಜಿ ಬಿಟ್ಟು ನಮ್ಮ ಬದುವಿನ ಮೇಲೆ ನಿಂತಿದ್ದರು. ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಸಿಕೊಂಡು ಅಕ್ಕೋರು ಕೂತಿದ್ದರು. "ಒಬ್ಬರೂ ಪಿಟ್ಟೆನ್ನಬ್ಯಾಡ್ರಿ. ಕೈ ಸುದ್ದಾ ತೋರಿಸಬ್ಯಾಡ್ರಿ" ಎಂದು ಗದರಿದರು. ಊರಿನ ಹಿರಿಯರೂ ಶಾಲೆಯ ಮಕ್ಕಳ ಹಾಗೆ ಕೈ ಕಟ್ಟಿ ನಿಂತರು. ಅಣ್ಣನ ಮಗ ಗಡಿಗೆಯನ್ನು ಆಕೆಯ ಕೈಗೆ ಕೊಟ್ಟು ಹಿಂದೆ ಸರಿದ.

ಆಕೆ ಚಪ್ಪಲಿ ಕಳಚಿದರು. ಹೊಲವನ್ನೊಮ್ಮೆ ನೋಡಿದರು, ನಮ್ಮನ್ನೊಮ್ಮೆ ನೋಡಿದರು. ನಮ್ಮ ಮುಖಗಳಲ್ಲಿ ಏನೂ ಸಿಗಲಿಲ್ಲ. ಅಕ್ಕೋರ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿತ್ತು. ಆಕೆ ಬಲಸುತ್ತಿನ ಕಡೆ ನೋಡಿದರು, ಅಲ್ಲಿ ಕಾಲುದಾರಿ ಸಾಪಾಗಿತ್ತು. ಎಡಸುತ್ತಿನ ಕಡೆ ಜಾಲಿ ಮುಳ್ಳು, ಒಂದು ಸಣ್ಣ ತಗ್ಗು. ಆಕೆ ಸೀರೆಯ ನಿರಿಗೆಯನ್ನು ಸ್ವಲ್ಪ ಎತ್ತಿಕೊಂಡು, ತಗ್ಗು ದಾಟಿ, ಎಡಕ್ಕೆ ನಡೆದರು.

ಬದುವಿನ ಮೇಲಿದ್ದವರು ಹೋ ಎಂದರು. ವರ್ಷವರ್ಷವೂ ಅಣಕಿಸಿದ್ದ ಬಾಯಿಗಳೇ ಅವು. ಅಕ್ಕೋರು ಕೋಲನ್ನು ಕುರ್ಚಿಗೆ ಒರಗಿಸಿ, ನೀರಿನ ತಂಬಿಗೆ ತೆಗೆದುಕೊಂಡು ಎದ್ದರು. ಹಿಡಿಯಲು ಹೋದ ನನ್ನ ಕೈಯನ್ನು ಸರಿಸಿದರು. ಮುಂದೆ ಆಕೆ ಚರಗ ಚೆಲ್ಲುತ್ತ, ಹಿಂದೆ ಅಕ್ಕೋರು ನೀರು ಚಿಮುಕಿಸುತ್ತ ಹೊಲ ಸುತ್ತಿದರು. ನಾವೆಲ್ಲ ಹಿಂದೆ ಹಿಂದೆ ನಡೆದೆವು. ಪಕ್ಕದ ಹೊಲದವರೂ ಸೇರಿಕೊಂಡರು. ಇಡೀ ಊರೇ ಅವತ್ತು ಎಡಕ್ಕೆ ನಡೆಯಿತು.

ಸುತ್ತು ಮುಗಿದ ಮೇಲೆ ಅಕ್ಕೋರು ಬೇವಿನ ಕೆಳಗೆ ಆಕೆಯ ಎರಡೂ ಕೈ ಹಿಡಿದು, "ಹೆಂಗ ಗೊತ್ತಾತು ಹೇಳು" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಆಕೆ ಹೇಳಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಚಿಕ್ಕವಳಿದ್ದಾಗ ಆಕೆ ಅಜ್ಜನ ಹಿಂದೆ ನೀರಿನ ಲೋಟ ಹಿಡಿದು ನಡೆಯುತ್ತಿದ್ದರಂತೆ. ಮಂದಿರದಲ್ಲಿ ನಾವು ಆ ಕಡೆಯಿಂದ ಹೋಗುತ್ತೇವಲ್ಲ, ನೀನು ಯಾಕೆ ಈ ಕಡೆಯಿಂದ ಎಂದು ಒಮ್ಮೆ ಕೇಳಿದರಂತೆ. ಅಜ್ಜ ನಕ್ಕು, ಇದು ನಾನು ಚಿಕ್ಕವನಿದ್ದಾಗ ಮಾಡಿದ ತಪ್ಪು, ಅಲ್ಲಿ ನನ್ನ ಮನೆಯವರೆಲ್ಲ ಈಗ ಸರಿಯಾಗಿಯೇ ಹೋಗುತ್ತಿರುತ್ತಾರೆ, ತಪ್ಪು ದಾರಿಯಲ್ಲಿ ಉಳಿದವನು ನಾನೊಬ್ಬನೇ ಎಂದನಂತೆ. ಆಮೇಲೆ ನಗು ನಿಂತು, ಪಪ್ಪಾಯಿ ಗಿಡದ ಕೆಳಗೆ ತುಂಬ ಹೊತ್ತು ಸುಮ್ಮನೆ ಕೂತನಂತೆ.

ಅಕ್ಕೋರು ಅತ್ತದ್ದನ್ನು ನಾನು ನೋಡಿದ್ದು ಆಗ. ಹಣೆ ಹಣೆ ಬಡಿದುಕೊಂಡು, ಹೊಲ ಕೇಳುವ ಹಾಗೆ ಅತ್ತರು. "ಅಯ್ಯ ನನ್ನಪ್ಪಾ, ಒಬ್ಬವನೇ ಅಲ್ಲೋ! ನಾವೆಲ್ಲಾ ನಿನ್ನ ಸಂಗಟ ಇದ್ದೆವೋ!" ಎಂದು ಯಾರಿಗೆ ಹೇಳಬೇಕೋ ಅವನಿಗೇ ಹೇಳಿದರು. ಮಾತು ತಿಳಿಯದಿದ್ದರೂ ಮೊಂಬಾಸಾದ ಹೆಣ್ಣುಮಗಳು ಅವರನ್ನು ಅಪ್ಪಿಕೊಂಡು ಅತ್ತರು. ಅಕ್ಕೋರ ತಂದೆ, ಆಕೆಯ ತಂದೆ ಅಣ್ಣತಮ್ಮಂದಿರ ಮಕ್ಕಳು. ಲೆಕ್ಕ ಹಿಡಿದರೆ ಇವರಿಬ್ಬರು ಅಕ್ಕತಂಗಿಯರು.

ಕಾಲೋನಿಗೆ ಮರಳಿದ ಮೇಲೆ ಅಕ್ಕೋರ ಗತ್ತು ನೋಡಬೇಕಾಗಿತ್ತು. ಎದೆಯ ಬೇನೆಯನ್ನು ಎಲ್ಲಿ ಬಿಟ್ಟುಬಂದರೋ ಗೊತ್ತಿಲ್ಲ. ಆಕೆಯ ಕೈ ಹಿಡಿದು ಮನೆಮನೆಗೆ ಹೋದರು, ಕ್ಲಿನಿಕ್ಕಿಗೂ ಹೋದರು, ಕಿರಾಣಿ ಅಂಗಡಿಗೂ ಹೋದರು. "ನನ್ನ ತಂಗಿ. ಖಾಸ ತಂಗಿ. ಮೊಂಬಾಸಾದಾಕಿ" ಎಂದು ಪರಿಚಯ. ಏನಾದರೂ ಕೊಳ್ಳುವುದಿತ್ತೇ? ಇಲ್ಲ, ತೋರಿಸುವುದಿತ್ತು. ಔಷಧದ ಅಂಗಡಿಯವನು, "ತಂಗಿ ಇದ್ದದ್ದು ಎಂದೂ ಹೇಳಲಿಲ್ಲರಿ ಅಕ್ಕೋರೇ" ಎಂದ. "ನನಗೂ ಈ ಅಮಾಸಿಗೇ ಗೊತ್ತಾತಪ್ಪಾ" ಎಂದು ಜೋರಾಗಿ ನಕ್ಕರು. ಒಬ್ಬಂಟಿ ಎಂದು ಓಣಿಯೆಲ್ಲ ಕನಿಕರ ಪಟ್ಟಿದ್ದ ಹೆಣ್ಣುಮಗಳಿಗೆ ಆ ವಯಸ್ಸಿನಲ್ಲಿ ತಂಗಿ ಹುಟ್ಟಿದ್ದಳು. ತಂಗಿ ವಾಪಸು ಹೊರಟಾಗ ಪಿಶವಿಯಲ್ಲಿ ಕಮಲಾಪುರದ ಬಾಳೆಹಣ್ಣು ತುಂಬಿ, ವಿಮಾನದವರು ಬಿಡುವುದಿಲ್ಲ ಎಂದರೆ ಅವರೊಡನೆ ನಾನೇ ಫೋನಿನಲ್ಲಿ ಮಾತಾಡುತ್ತೇನೆ ಎಂದಿದ್ದರು.

ಮುಂದಿನ ಎಳ್ಳ ಅಮಾವಾಸ್ಯೆಗೆ ಇಬ್ಬರೂ ಕೂಡಿ ಚರಗ ಚೆಲ್ಲಬೇಕೆಂದು ಮಾತಾಗಿತ್ತು. ಶ್ರಾವಣ ಬರುವ ಮೊದಲೇ ಅಕ್ಕೋರು ಹೋದರು, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಕಮಲಾಪುರದ ಹೊಲದ ಮೂಲೆಯಲ್ಲಿ, ತಂದೆಯ ಪಕ್ಕದಲ್ಲಿ ಮಣ್ಣು ಮಾಡಿದೆವು. ಆ ಮಣ್ಣಿನ ಎದುರು ನಿಂತು ನಾನು ಮನಸ್ಸಿನಲ್ಲೇ ಹೇಳಿದೆ, ಕಾಕಾ ಎಲ್ಲಿ ಮುಟ್ಟಿದ ಎಂದು ಈಗ ನೀವೇ ಅಪ್ಪನಿಗೆ ಹೇಳಿರಿ ಎಂದು. ದುಃಖ ಇತ್ತು, ಆದರೆ ಅದರ ಮೇಲೆ ಹೆಮ್ಮೆಯೂ ಇತ್ತು. ಇಟ್ಟುಕೊಂಡ ಪ್ರಶ್ನೆಗೆ ಉತ್ತರ ಪಡೆದು ಹೋಗುವವರು ಎಷ್ಟು ಜನ...

ಡಬ್ಬಿಯ ಭಜ್ಜಿ ಮುಟ್ಟದೆ ಹಾಗೇ ಇತ್ತು. ಕೊನೆಗೆ ಧೈರ್ಯ ಮಾಡಿ ಅವರ ಅಣ್ಣನ ಮಗನಿಗೆ ಫೋನ್ ಹಚ್ಚಿದೆ.

"ಡಬ್ಬಿ ಮುಟ್ಟಿತೇನಕ್ಕಾ?" ಎಂದ.

"ಮುಟ್ಟಿತಪ್ಪಾ. ನಿನ್ನಿ ಯಾ ಕಡೆ ಹೋದ್ರಿ?"

ನಡೆದದ್ದನ್ನು ಹೇಳಿದ. "ಊರ ಹಿರೇರು ಅಂದ್ರು, ಹೋದಾವನ ಸುದ್ದಿ ಸಿಕ್ತು, ಕಾಯೋದು ಮುಗೀತು, ಇನ್ನರೆ ಬಲಕ್ಕ ತಿರಗ್ರಿ ಅಂತ. ನನಗೂ ಖರೇ ಅನಸ್ತು. ಗಡಿಗಿ ಹೊತ್ತು ಬಲಕ್ಕ ಒಂದು ಹೆಜ್ಜಿ ಇಟ್ಟೆ. ಮುಂದ ಕಾಲ ಏಳಲಿಲ್ಲಕ್ಕಾ... ಮೊಂಬಾಸಾದಾಗ ಸಣ್ಣತ್ತಿ ಈಗ ಎಡಕ್ಕ ಹೊಂಟಿರತಾಳ, ಅತ್ತಿನೂ ಹೋದಲ್ಲಿ ಎಡಕ್ಕೇ ಹೊಂಟಿರತಾಳ ಅಂತ ನೆನಪಾತು. ತಿರುಗಿ ಎಡಕ್ಕ ನಡದೆ. ಆ ಕಡೆ ಹೋದ್ರ ಮೊದಲ ಸಿಗೋದು ಅತ್ತಿ ಮಣ್ಣೇ. ಮೊದಲನೇ ತುತ್ತು ಆಕಿಗೇ ಚೆಲ್ಲಿದೆ."

ಛಲೋ ಮಾಡಿದಿ ತಮ್ಮಾ ಎಂದಷ್ಟೇ ಹೇಳಿ ಫೋನ್ ಇಟ್ಟೆ. ಕಣ್ಣು ಒರೆಸಿಕೊಂಡು, ಸಜ್ಜೆ ರೊಟ್ಟಿ ಮುರಿದು ಭಜ್ಜಿಗೆ ಅದ್ದಿ ಬಾಯಿಗಿಟ್ಟೆ. ಹುಳಿ ಒಂಚೂರು ಮುಂದಾಗಿತ್ತು. ಹೇಳೋಣವೆಂದರೆ, ಅದನ್ನು ಕೇಳಿ "ಹುಳಿ ಅಂದಾಜಿನ ಮ್ಯಾಲ ಹಾಕಿರೇನು?" ಎಂದು ಅಡುಗೆಮನೆಯ ಕಡೆ ಗದರಲು ಅಕ್ಕೋರಿಲ್ಲ.